ನಿಮ್ಮ ಮಾಡೆಲ್ ರೈಲು ಲೇಔಟ್‌ಗೆ ಯಾವ ರೈಲ್‌ರೋಡ್ (ಅಮೆರಿಕದ ರೈಲು ಕಂಪನಿ)? ಅದನ್ನೇ ಯಾಕೆ ಆರಿಸಿಕೊಂಡ್ರಿ?

ಹೊಸಹಳಿ:
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಎಚ್‌ಒ ಸ್ಕೇಲ್ (ನಿಜದ 87ರಲ್ಲಿ ಒಂದು ಪಾಲು) ಮಾಡೆಲ್ ಇಂಜಿನ್‌ಗಳನ್ನ ಕೊಂಡುಕೊಳ್ತಾ ಬಂದಿದ್ದೀನಿ, ಅವು ಓಡೋಕೆ ಹಳಿ ಹಾಕಿ ಮಾಡೋ ಲೇಔಟ್ ಇನ್ನೂ ಶುರುವಾಗಿಲ್ಲ. ಈಗ ಮನೇಲಿ ಒಂದು ಕೋಣೆ ಖಾಲಿಯಾಗಿದೆ, 11 ಅಡಿಗೆ 10 ಅಡಿ. ಇಂಜಿನ್ ನಾಲ್ಕಿವೆ, ಅಮೆರಿಕದ ನಾಲ್ಕು ಬೇರೆ ಬೇರೆ ಕಂಪನಿಯವು: ಬಿಎನ್‌ಎಸ್‌ಎಫ್‌ನ ಕಿತ್ತಳೆ ಇಎಸ್44, ಯೂನಿಯನ್ ಪೆಸಿಫಿಕ್‌ನ 1983 ನಂಬರಿನ ಹೆರಿಟೇಜ್ ಇಂಜಿನ್ (ಹಳೇ ಕಂಪನಿಯ ಬಣ್ಣ ಹೊಡೆದಿದ್ದು), ನಾರ್ಫೋಕ್ ಸದರ್ನ್‌ನ ಕಪ್ಪು ಎಸ್‌ಡಿ70ಎಸಿಇ, ಕೆಸಿಎಸ್‌ನ (ಕನ್ಸಾಸ್ ಸಿಟಿ ಸದರ್ನ್) ಸದರ್ನ್ ಬೆಲ್ ಬಣ್ಣದ್ದೊಂದು. ನಾಲ್ಕನ್ನೂ ಒಂದೇ ಹಳಿ ಮೇಲೆ ನಿಲ್ಲಿಸಿದ್ರೆ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ನೆಂಟರು ಒಂದು ಜಗಲಿ ಮೇಲೆ ಕೂತ ಹಾಗೆ ಕಾಣುತ್ತೆ. ಒಂದನ್ನ ಇಟ್ಕೊಂಡು ಮಿಕ್ಕಿದ್ದನ್ನ ಮಾರಿಬಿಡೋಣ ಅಂತ ಯೋಚನೆ.

ಕಾಲ ಮಾತ್ರ ಇವತ್ತಿನದ್ದೇ ಆಗಬೇಕು. ಸ್ಟೀಮ್ ಇಂಜಿನ್ ಚೆಂದವೇ, ಆದ್ರೆ ನಾನು ಕಣ್ಣಾರೆ ಕಂಡ ಗಾಡಿಯನ್ನೇ ಮಾಡಬೇಕು ಅನ್ನೋ ಆಸೆ. ಯಾವ ಕಂಪನಿ ಒಳ್ಳೇದು ಅಂತ ಕೇಳ್ತಿಲ್ಲ. ನೀವು ನಿಮ್ಮದನ್ನ ಯಾಕೆ ಆರಿಸಿದ್ರಿ, ಈಗಲೂ ಅದೇ ಸರಿ ಅನ್ಸುತ್ತಾ, ಅಷ್ಟು ಹೇಳಿ ಸಾಕು.

ಕಿತ್ತಳೆಗಾಡಿ:
ನಂದು ಬಿಎನ್‌ಎಸ್‌ಎಫ್. ಕಾರಣ ಒಂದೇ ಒಂದು ರಾತ್ರಿ.

ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಉಳಿದಿದ್ವಿ. ಹೋಟೆಲ್ ರೂಮಿನ ಕಿಟಕಿ ಹಳಿ ಕಡೆಗೆ. ಷಿಕಾಗೊದಿಂದ ಲಾಸ್ ಏಂಜಲೀಸ್‌ಗೆ ಹೋಗೋ ಟ್ರಾನ್ಸ್‌ಕಾನ್ ಮಾರ್ಗ ಅದು, ಜೋಡಿ ಹಳಿ. ಒಂದು ಗಾಡಿ ದಾಟ್ತು, ಮಲಗೋಣ ಅನ್ನೋಷ್ಟರಲ್ಲಿ ಎದುರಿನಿಂದ ಇನ್ನೊಂದು. ಮೊದಲು ಕಿಟಕಿ ಗಾಜು ಸಣ್ಣಗೆ ನಡುಗೋದು, ಆಮೇಲೆ ಇಂಜಿನ್‌ನ ಗುಡುಗು, ಅದಾದ ಮೇಲೆ ಎಷ್ಟೋ ಹೊತ್ತು ಬರೀ ಕಂಟೇನರ್, ಒಂದರ ಮೇಲೊಂದು. ನನ್ನ ಮಗಳಿಗೆ ಆಗ ಆರು ವರ್ಷ. ಎಣಿಸ್ತಾ ಎಣಿಸ್ತಾ ಕಿಟಕಿ ಕಟ್ಟೆ ಮೇಲೇ ನಿದ್ದೆ ಹೋದಳು. ಊರಿಗೆ ಬಂದ ಮೇಲೆ ಬೇರೆ ರೈಲ್‌ರೋಡ್ ಬಗ್ಗೆ ನಾನು ಯೋಚನೇನೇ ಮಾಡ್ಲಿಲ್ಲ.

ಬಿಎನ್‌ಎಸ್‌ಎಫ್‌ನಲ್ಲಿ ಇನ್ನೊಂದು ಸುಖ ಅಂದ್ರೆ ಬಣ್ಣಗಳ ಬೆರಕೆ. 1995ರಲ್ಲಿ ಬರ್ಲಿಂಗ್ಟನ್ ನಾರ್ದರ್ನ್, ಸಾಂಟಾ ಫೆ ಎರಡೂ ಒಂದಾದ ಮೇಲೆ ಮೊದಲು ಕಡು ಹಸಿರು ಕಿತ್ತಳೆ, 2005ರಲ್ಲಿ ಹೊಸ ಲೋಗೊ ಬಂದ ಮೇಲೆ ಕಪ್ಪು ಕಿತ್ತಳೆ. ಸಾಂಟಾ ಫೆಯ ಕೆಂಪು ಬೆಳ್ಳಿ ಬಣ್ಣದ ಇಂಜಿನ್‌ಗಳು ಬಿಸಿಲಿಗೆ ಸುಣ್ಣದ ಹಾಗೆ ಬಿಳುಚಿಕೊಂಡು ಎಷ್ಟೋ ವರ್ಷ ಓಡಿದವು. ಒಂದೇ ಗಾಡಿ ತಲೆಯಲ್ಲಿ ಮೂರು ಕಾಲದ ಮೂರು ಇಂಜಿನ್ ಕಟ್ಟಿದ್ರೂ ಸುಳ್ಳಾಗಲ್ಲ.

ಈಗ ನಿಮ್ಮ ಕೋಣೆ ವಿಚಾರ. 53 ಅಡಿ ಕಂಟೇನರ್ ಎಚ್‌ಒನಲ್ಲಿ ಹದಿನೆಂಟೂವರೆ ಸೆಂಟಿಮೀಟರ್. ಒಂದು ಮೈಲಿ ಅಂದ್ರೆ ಹದಿನೆಂಟೂವರೆ ಮೀಟರ್. ಎರಡು ಮೈಲಿ ಉದ್ದದ ಗಾಡಿ ಇವತ್ತು ಅಪರೂಪವೇನಲ್ಲ, ಅದನ್ನ ಹಾಗೇ ಇಳಿಸಿದ್ರೆ 37 ಮೀಟರ್ ಬೇಕು. ನಾನು ಹದಿನಾಲ್ಕು ವೆಲ್ ಕಾರಿಗೆ (ಕಂಟೇನರ್ ಹೊರೋ ತಗ್ಗು ಡಬ್ಬಿ) ನಿಲ್ಲಿಸಿದ್ದೀನಿ. ಅದೂ ನನ್ನ ಜಾಗ ನಿಮ್ಮದರ ನಾಲ್ಕರಷ್ಟಿದೆ ಅನ್ನೋದಕ್ಕೆ.

ಕಪ್ಪುಕುದುರೆ:
ನಾನು ನಾರ್ಫೋಕ್ ಸದರ್ನ್. "ಬರೀ ಕಪ್ಪು, ಅದರಲ್ಲೇನಿದೆ" ಅಂತ ಕೇಳೋರೇ ಜಾಸ್ತಿ. ಸ್ವಲ್ಪ ಉದ್ದಕ್ಕೆ ಬರೀತೀನಿ, ಬೇಜಾರಾಗಬೇಡಿ.

ಪೆನ್ಸಿಲ್ವೇನಿಯಾದ ಅಲ್ಟೂನಾ ಹತ್ತಿರ ಹಾರ್ಸ್‌ಷೂ ಕರ್ವ್ ಅಂತ ಇದೆ. 1854ರಲ್ಲಿ ಶುರುವಾದ ಮಾರ್ಗ, ಇವತ್ತಿಗೂ ಮೂರು ಹಳಿಯಲ್ಲಿ ಗಾಡಿ ಓಡ್ತಿದೆ. ಬೆಟ್ಟ ನೇರವಾಗಿ ಹತ್ತೋಕೆ ಆಗದೆ ಕಣಿವೆ ಸುತ್ತಿಸಿ ಲಾಳದ ಆಕಾರದಲ್ಲಿ ಹಳಿ ಹಾಕಿದ್ದಾರೆ. ನೋಡೋಕೆ ಬರೋರಿಗೆ ಆ ಲಾಳದ ಹೊಟ್ಟೆಯಲ್ಲೇ ಪಾರ್ಕ್. ಘಾಟಿ ಹತ್ತೋ ಗಾಡಿ ಬಂದ್ರೆ ಎಡಗಡೆ ಇಂಜಿನ್, ಎದುರಿಗೆ ನಡುವಿನ ಡಬ್ಬಿಗಳು, ಬಲಗಡೆ ಬಾಲ, ಎಲ್ಲಾ ಒಟ್ಟಿಗೆ ಕಾಣುತ್ತೆ. ಬಾಲಕ್ಕೆ ನೂಕೋ ಇಂಜಿನ್ ಜೋಡಿ. ಮುಂದಿನ ಇಂಜಿನ್ ದಾಟಿ ಹೋಗಿ ಎಷ್ಟೋ ಹೊತ್ತಾದ ಮೇಲೆ, ಡಬ್ಬಿಗಳ ಕಿರುಗುಟ್ಟೋದು ಬಿಟ್ರೆ ಬೇರೆ ಸದ್ದಿಲ್ಲ ಅನ್ನೋ ಹೊತ್ತಿಗೆ, ಹಿಂದಿನಿಂದ ಇವು ಪೂರ್ತಿ ದಮ್ಮು ಕಟ್ಟಿ ಬರ್ತವೆ. ಎದೆಗೂಡಿನಲ್ಲಿ ಸದ್ದು. ಅವತ್ತು ನನಗೆ ಗೊತ್ತಾಯ್ತು, ನನಗೆ ಬೇಕಾಗಿರೋದು ವೇಗ ಅಲ್ಲ, ಭಾರ. ಹತ್ತು ಮೈಲಿ ವೇಗದಲ್ಲಿ ಏದುಸಿರು ಬಿಡ್ತಾ ಹತ್ತೋ ಗಾಡಿ.

ಈಗ ಆ ಕಪ್ಪಿನ ಮಾತು. ನಿಜವಾದ ಇಂಜಿನ್‌ನ ಹತ್ತಿರ ನಿಂತು ನೋಡಿ, ಎಲ್ಲೂ ಕಪ್ಪು ಅನ್ನೋದು ಇರಲ್ಲ. ಚಾವಣಿ ಹೊಗೆಗೊಳವೆ ಸುತ್ತ ಮಸಿ. ಪಕ್ಕದ ಬಾಗಿಲುಗಳು ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿರ್ತವೆ. ಆಗಾಗ ತೆಗೆದು ಹಾಕೋ ಬಾಗಿಲಿನ ಹಿಡಿ ಸುತ್ತ ಜಿಡ್ಡು, ಅಲ್ಲಿ ಮಾತ್ರ ಹೊಳಪು. ಚಕ್ರದ ಹತ್ತಿರ ಹಳಿಗೆ ಮರಳು ಸುರಿಯೋ ಕೊಳವೆ ಇದೆಯಲ್ಲ, ಅದರ ಕೆಳಗೆ ತೆಳು ಬಿಳಿ. ಮೆಟ್ಟಿಲ ಬದಿಯಲ್ಲಿ ತುಕ್ಕಿನ ಗೆರೆ. ಮಾಡೆಲ್‌ನಲ್ಲಿ ನಾನು ಕಪ್ಪನ್ನ ಮುಟ್ಟೋದೇ ಇಲ್ಲ. ತಿಳಿ ಬೂದುಬಣ್ಣವನ್ನ ನೀರಿನಷ್ಟು ತೆಳ್ಳಗೆ ಮಾಡಿ, ಏರ್‌ಬ್ರಷ್‌ನಲ್ಲಿ ಮೇಲಿನಿಂದ ಎರಡು ಸಲ ಹಾಯಿಸ್ತೀನಿ, ಅಷ್ಟಕ್ಕೇ ಬಾಗಿಲುಗಳ ಅಂಚೆಲ್ಲಾ ಎದ್ದು ಬರ್ತವೆ. ತುಕ್ಕಿಗೆ ಆಯಿಲ್ ಪೇಂಟು, ಸೂಜಿ ಮೊನೆಯಷ್ಟು ಇಟ್ಟು ಒಣ ಬ್ರಷ್‌ನಲ್ಲಿ ಕೆಳಕ್ಕೆ ಎಳೆಯೋದು. ಒಂದು ಇಂಜಿನ್‌ಗೆ ಮೂರು ಭಾನುವಾರ ಹಿಡಿಯುತ್ತೆ. ಬಣ್ಣ ಬಣ್ಣದ ಇಂಜಿನ್‌ಗಳಲ್ಲಿ ಈ ಕೆಲಸ ಇಷ್ಟು ಕಾಣಲ್ಲ ಅನ್ನೋದು ನನ್ನ ಅಭಿಪ್ರಾಯ.

2012ರಲ್ಲಿ ಕಂಪನಿಯ ಮೂವತ್ತನೇ ವರ್ಷಕ್ಕೆ ಇಪ್ಪತ್ತು ಹೆರಿಟೇಜ್ ಇಂಜಿನ್‌ಗಳಿಗೆ ಹಳೇ ಕಂಪನಿಗಳ ಬಣ್ಣ ಹೊಡೆದರು. ನನ್ನ ಹತ್ತಿರ ಅದರಲ್ಲಿ ಒಂದೇ ಒಂದಿದೆ. ತಿಂಗಳಿಗೊಮ್ಮೆ ಹೊರಗೆ ತೆಗೀತೀನಿ. ನಿಜದಲ್ಲೂ ಅದು ಕಾಣೋದು ಅಪರೂಪ ತಾನೆ.

ದಕ್ಷಿಣದ ಬೆಲ್:
ಬಣ್ಣ ನೋಡಿ ಆರಿಸಿದ್ರ ತಪ್ಪೇನಿಲ್ರಿ. ನಾ ಕೆಸಿಎಸ್ ಆರಿಸಿದ್ದು ಬಣ್ಣಕ್ಕನ. ಕೆಂಪು, ಹಳದಿ, ಕರೇ ಅನಿಸುವಂಥಾ ಹಸಿರು. 1940ರಾಗ ಕನ್ಸಾಸ್ ಸಿಟಿ, ನ್ಯೂ ಆರ್ಲಿಯನ್ಸ್ ನಡುವ ಶುರುವಾದ ಸದರ್ನ್ ಬೆಲ್ ಅನ್ನೋ ಪ್ಯಾಸೆಂಜರ್ ಗಾಡಿ ಬಣ್ಣ ಅದು. ಎಷ್ಟೋ ವರ್ಷ ಆದಮ್ಯಾಲೆ ಸರಕಿನ ಇಂಜಿನ್‌ಗೋಳಿಗೆ ಅದನ್ನ ವಾಪಸ್ ತಂದ್ರು. ಮೊದಲ ಸಲ ಕಂಡಾಗ ನಾ ರಸ್ತೆ ಬದಿಗೆ ಕಾರ್ ನಿಲ್ಲಿಸಿ ಕೆಳಗಿಳಿದಿದ್ದೆ.

ಆದ್ರ ಒಂದು ಮಾತು ಹೊಸಹಳಿಯವ್ರ. 2023ರ ಏಪ್ರಿಲ್ 14ಕ್ಕ ಕೆಸಿಎಸ್, ಕೆನಡಿಯನ್ ಪೆಸಿಫಿಕ್ ಕೂಡಿ ಸಿಪಿಕೆಸಿ ಆತು. ಕೆನಡಾ, ಅಮೆರಿಕ, ಮೆಕ್ಸಿಕೊ ಮೂರೂ ದೇಶಕ್ಕ ಒಂದ ರೈಲ್‌ರೋಡ್, ಹಿಂದ ಹಂಗ ಇದ್ದಿದ್ದಿಲ್ಲ. ಸುದ್ದಿ ಓದಿ ನನಗ ಖರೇನ ಸಂಕಟ ಆತು. ಬೆಲ್ ಇಂಜಿನ್ ಇನ್ನೂ ಅಲ್ಲಲ್ಲಿ ಓಡತಾವು, ಆದ್ರ ಹೊಸದಾಗಿ ಆ ಬಣ್ಣ ಹಚ್ಚೋದು ಮುಗೀತು. ಮೊಂಟಾನಾ ರೈಲ್ ಲಿಂಕ್ ಮಾಡತಿದ್ದ ನಮ್ಮ ಗೆಳೆಯರೊಬ್ಬರಿಗೂ ಇದ ಗತಿ, 1987ರಾಗ ಹುಟ್ಟಿದ ಕಂಪನಿ 2024ರ ಜನವರಿ 1ಕ್ಕ ಬಿಎನ್‌ಎಸ್‌ಎಫ್ ಒಳಗ ಹೋತು. ಯೂನಿಯನ್ ಪೆಸಿಫಿಕ್, ನಾರ್ಫೋಕ್ ಸದರ್ನ್ ಕೂಡತೀವಿ ಅಂತ 2025ರ ಜುಲೈದಾಗ ಹೇಳ್ಯಾರ.

ಅದಕ್ಕ ನಾ ಲೇಔಟ್ ಪಕ್ಕದ ಗ್ವಾಡಿಗೆ ಕ್ಯಾಲೆಂಡರ್ ತೂಗುಹಾಕೀನಿ: 2019ರ ಅಕ್ಟೋಬರ್. ಆ ತಿಂಗಳ ಆದಮ್ಯಾಲೆ ಬಂದದ್ದು ಒಂದ್ ಡಬ್ಬಿನೂ ಒಳಗ ಬರಂಗಿಲ್ಲ. ಕಂಪನಿ ಆರಿಸೋದು ಅಂದ್ರ ತಾರೀಖೂ ಆರಿಸೋದು.

ಪಟ್ಟಿಗಣ್ಣು:
ಬೆಲ್ ಅಕ್ಕ ಹೇಳಿದ್ದು ನೂರಕ್ಕೆ ನೂರು. "ಇವತ್ತಿನ ಕಾಲ" ಅಂತ ಬಾಯಲ್ಲಿ ಹೇಳಿದ್ರೆ ಸಾಲದು. ಇಂಜಿನ್ ಮುಂದೆ ಕೆಳಗಿರೋ ಜೋಡಿ ದೀಪ, ಡಿಚ್ ಲೈಟ್, 1997ರ ಕೊನೆಯ ಹೊತ್ತಿಗೆ ಕಡ್ಡಾಯ ಆಯ್ತು. ಡಬ್ಬಿಗಳ ಪಕ್ಕದ ಹಳದಿ, ಬಿಳಿ ಹೊಳೆಯೋ ಪಟ್ಟಿಗೆ ನಿಯಮ ಬಂದಿದ್ದು 2005ರಲ್ಲಿ, ಸರಕು ಡಬ್ಬಿಗಳಿಗೆ ಹತ್ತು ವರ್ಷದ ಗಡುವು. ಅಂದ್ರೆ 2010ರ ಲೇಔಟ್‌ನಲ್ಲಿ ಕೆಲವಕ್ಕೆ ಪಟ್ಟಿ ಇರಬೇಕು, ಕೆಲವಕ್ಕೆ ಇರಬಾರದು. 2020ರದ್ದಾದ್ರೆ ಎಲ್ಲದಕ್ಕೂ ಬೇಕು. ಹೊಗೆ ನಿಯಮ ಬಿಗಿಯಾದ 2015ರ ನಂತರ ಹೊಸ ಇಂಜಿನ್ ಕೊಳ್ಳೋದಕ್ಕಿಂತ ಹಳೇದನ್ನೇ ಬಿಚ್ಚಿ ಕಟ್ಟೋದು ಜಾಸ್ತಿ ಆಯ್ತು, ಅದಕ್ಕೇ ಇತ್ತೀಚಿನ ಇಂಜಿನ್ ನಂಬರ್ ಪಟ್ಟಿ ಅಷ್ಟು ಗೋಜಲು. ಗಾರ್ಡ್ ಡಬ್ಬಿ ಎಂಬತ್ತರ ದಶಕದಲ್ಲೇ ಹೋಯ್ತು, ಬಾಲಕ್ಕೆ ಮಿನುಗೋ ಕೆಂಪು ದೀಪದ ಪೆಟ್ಟಿಗೆ ಮರೀಬೇಡಿ.

ಹಳದಿ ಹುಲಿ:
ಹೊಸಹಳಿ, ದಯವಿಟ್ಟು ಏನೂ ಮಾರಬೇಡಿ!

ನಿಮ್ಮ 1983 ಒಂಟಿಯಲ್ಲ. ಆ ನಂಬರ್‌ಗಳಿಗೆ ಅರ್ಥ ಇದೆ. ಕೇಟಿ ಅನ್ನೋ ಕಂಪನಿ ಬಣ್ಣದ್ದು 1988, ಷಿಕಾಗೊ ಅಂಡ್ ನಾರ್ತ್ ವೆಸ್ಟರ್ನ್ 1995, ಸದರ್ನ್ ಪೆಸಿಫಿಕ್ 1996, ಆಯಾ ಕಂಪನಿ ಯೂನಿಯನ್ ಪೆಸಿಫಿಕ್‌ನೊಳಗೆ ಸೇರಿದ ವರ್ಷವೇ ನಂಬರ್. ಮಿಸ್ಸೂರಿ ಪೆಸಿಫಿಕ್, ವೆಸ್ಟರ್ನ್ ಪೆಸಿಫಿಕ್ ಎರಡೂ ಒಂದೇ ವರ್ಷ ಬಂದಿದ್ರಿಂದ 1982 ಮೊದಲನೆಯದಕ್ಕೆ ಹೋಯ್ತು, ನಿಮ್ಮದಕ್ಕೆ 1983. ನನಗೆ ಈ ಕಂಪನಿ ಹಿಡಿಸಿದ್ದೇ ಇದಕ್ಕೆ. 1862ರ ಹೆಸರು ಇವತ್ತಿಗೂ ಬದಲಾಗದೆ ಇಂಜಿನ್ ಪಕ್ಕದಲ್ಲಿದೆ, ನುಂಗಿದ ಕಂಪನಿಗಳ ನೆನಪನ್ನೂ ಹೊತ್ತು ತಿರುಗುತ್ತೆ. ನಡುವೆ ಮಾಡೆಲ್ ತಯಾರಕರ ಹತ್ತಿರ ಲೋಗೊಗೆ ರಾಯಧನ ಕೇಳಿ ಕೋರ್ಟಿಗೂ ಹೋಗಿದ್ರು, 2006ರಲ್ಲಿ ಅದನ್ನ ಕೈಬಿಟ್ಟರು. ಆ ದಿನಗಳಲ್ಲಿ ಯೂನಿಯನ್ ಪೆಸಿಫಿಕ್‌ನ ಹಳದಿ ಬಿಟ್ಟು ಹೋದವರು ಎಷ್ಟೋ ಜನ. ನಾನು ಬಿಡಲಿಲ್ಲ.

ಇನ್ನು ನಾಲ್ಕು ಬಣ್ಣದ ಚಿಂತೆ. ದೊಡ್ಡ ರೈಲ್‌ರೋಡ್‌ಗಳು ಒಬ್ಬರ ಇಂಜಿನ್ ಇನ್ನೊಬ್ಬರ ಮಾರ್ಗದಲ್ಲಿ ಓಡಿಸ್ತಾನೇ ಇರ್ತಾರೆ. ಷಿಕಾಗೊದಲ್ಲಿ ಇಂಜಿನ್ ಬಿಚ್ಚದೆ ಇಡೀ ಗಾಡಿಯನ್ನೇ ಇನ್ನೊಂದು ಕಂಪನಿಗೆ ದಾಟಿಸಿಬಿಡ್ತಾರೆ. ಎಷ್ಟು ಅಶ್ವಶಕ್ತಿ, ಎಷ್ಟು ಗಂಟೆ ಅಂತ ಲೆಕ್ಕ ಇಟ್ಟು ಆಮೇಲೆ ತೀರಿಸ್ಕೋತಾರೆ. ನಿಮ್ಮ ಕಪ್ಪು ಇಂಜಿನ್ ಹಳದಿ ಹಿಂದೆ ನೆಬ್ರಾಸ್ಕಾದಲ್ಲಿ ಕಂಡ್ರೆ ಯಾರೂ ತಿರುಗಿ ನೋಡಲ್ಲ.

ಸೈಡಿಂಗ್ ನಂ. 3:
ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ನನ್ನ ಉತ್ತರ ಸ್ವಲ್ಪ ಬೇರೆ. ಹತ್ತು ವರ್ಷ ನಾನು ಮೇನ್‌ಲೈನ್ ಮಾಡಿದೆ, ಬಿಚ್ಚಿ ಹಾಕಿದೆ. ಗಾಡಿ ಸುತ್ತು ಹೊಡೀತಿತ್ತು, ನಾನು ಕುರ್ಚಿಯಲ್ಲಿ ಕೂತು ನೋಡ್ತಿದ್ದೆ, ಕಾಲು ಗಂಟೆಗೆ ಎದ್ದು ಹೋಗ್ತಿದ್ದೆ. ನೋಡೋದು ಇಷ್ಟ ಇದ್ದೋರಿಗೆ ಅದು ಸರಿ. ನನಗೆ ಕೈಗೆ ಕೆಲಸ ಬೇಕಿತ್ತು.

ಈಗ ನನ್ನ ಹತ್ತಿರ ಇರೋದು ಒಂದು ಸಣ್ಣ ಶಾರ್ಟ್‌ಲೈನ್, ಅಂದ್ರೆ ಊರಿನ ಮಟ್ಟದ ಚಿಕ್ಕ ರೈಲ್‌ರೋಡ್. ಗೋಡೆಗೆ ಹದಿನಾರು ಇಂಚಿನ ಹಲಗೆ, ಒಂದು ಜಿಪಿ38-2 ಇಂಜಿನ್, ಮೂರು ಕಾರ್ಖಾನೆ. ಒಂದು ಸಂಜೆಯ ಕೆಲಸ ಹೇಳ್ತೀನಿ ಕೇಳಿ. ಇಂಟರ್‌ಚೇಂಜ್ ಹಳಿ ಮೇಲೆ ದೊಡ್ಡ ಕಂಪನಿ ಬಿಟ್ಟು ಹೋದ ಐದು ಡಬ್ಬಿ. ಎರಡು ಹಾಪರ್‌ನಲ್ಲಿ (ಕೆಳಗಿನಿಂದ ಸರಕು ಸುರಿಯೋ ಡಬ್ಬಿ) ಪ್ಲಾಸ್ಟಿಕ್ ಕಾಳು, ಒಂದು ಟ್ಯಾಂಕ್ ಕಾರ್‌ನಲ್ಲಿ ಕಾರ್ನ್ ಸಿರಪ್, ಎರಡು ಬಾಕ್ಸ್ ಕಾರ್‌ನಲ್ಲಿ ಕಾಗದದ ಸುರುಳಿ. ಪ್ರತಿ ಡಬ್ಬಿಗೂ ಒಂದು ಚೀಟಿ. ಇಂಜಿನ್ ಹೋಗಿ ತಾಗುತ್ತೆ, ನಿಲ್ಲಿಸ್ತೀನಿ. ನಿಜದಲ್ಲಿ ಕಂಡಕ್ಟರ್ ಕೆಳಗಿಳಿದು ಗಾಳಿ ಪೈಪ್ ಜೋಡಿಸಿ, ಬ್ರೇಕ್‌ಗೆ ಗಾಳಿ ತುಂಬೋವರೆಗೆ ಕಾಯಬೇಕಲ್ಲ, ಅಷ್ಟು ಹೊತ್ತು ನಾನೂ ಕಾಯ್ತೀನಿ. ಕಾರ್ಖಾನೆ ಗೇಟ್ ಹತ್ತಿರ ನಿಲ್ಲಬೇಕು, ಗೇಟ್ ಬೀಗ ತೆಗೀಬೇಕು, ತಾನಾಗೇ ಉರುಳೋ ಡಬ್ಬಿಯನ್ನ ಹಳಿ ತಪ್ಪಿಸಿ ತಡೆಯೋ ಡಿರೇಲ್ ಎತ್ತಬೇಕು. ಸಿರಪ್ ಕಾರ್ಖಾನೆ ಸೈಡಿಂಗ್ (ಪಕ್ಕದ ಕವಲು ಹಳಿ) ಎದುರು ದಿಕ್ಕಿಗೆ ತೆರೆದುಕೊಳ್ಳುತ್ತೆ, ಹಾಗಾಗಿ ಇಂಜಿನ್‌ನ ಲೂಪ್ ಸುತ್ತಿಸಿ ಡಬ್ಬಿಗಳ ಆಚೆ ಬದಿಗೆ ತರಬೇಕು. ಒಳಗೆ ಖಾಲಿಯಾಗದ ಟ್ಯಾಂಕ್ ಕಾರ್ ಇನ್ನೂ ನಿಂತಿದ್ರೆ ಅದನ್ನ ತೆಗೆದು, ಹೊಸದನ್ನ ಹಿಂದೆ ಇಟ್ಟು, ಅದನ್ನ ಮತ್ತೆ ಅದರ ಜಾಗಕ್ಕೇ ನಿಲ್ಲಿಸಬೇಕು, ಯಾಕಂದ್ರೆ ಹೋಸ್ ಪೈಪ್ ಇರೋದು ಆ ಒಂದೇ ಜಾಗದಲ್ಲಿ. ಮೂರು ಮೀಟರ್ ಹಲಗೆ ಮೇಲೆ ಐದು ಡಬ್ಬಿ, ಐವತ್ತು ನಿಮಿಷ. ಒಂದು ನಿಮಿಷವೂ ಸುಮ್ಮನೆ ಕೂತಿರಲ್ಲ.

ಹಾಗಾಗಿ ನಾನು ಕೇಳೋದು, ಯಾವ ರೈಲ್‌ರೋಡ್ ಅಂತ ಆಮೇಲೆ ನೋಡೋಣ, ಗಾಡಿ ಕೈಯಲ್ಲಿ ನೀವು ಏನು ಕೆಲಸ ಮಾಡಿಸಬೇಕು ಅಂತಿದ್ದೀರಿ?

ಕಿತ್ತಳೆಗಾಡಿ:
ಸೈಡಿಂಗ್ ಸರ್, ಒಪ್ಪಿದೆ, ಆದ್ರೆ ಪೂರ್ತಿ ಅಲ್ಲ. ಹಾಗಂದ್ರೆ ಕಂಪನಿ ಯಾವುದಾದ್ರೂ ಆಗುತ್ತೆ ಅಂತಾಯ್ತಲ್ಲ? ಫ್ಲ್ಯಾಗ್‌ಸ್ಟಾಫ್ ಕಿಟಕಿಯಲ್ಲಿ ಬೇರೆ ಬಣ್ಣದ ಇಂಜಿನ್ ಹೋಗಿದ್ರೂ ನನಗೆ ಅದೇ ಆಗ್ತಿತ್ತಾ?

ಸೈಡಿಂಗ್ ನಂ. 3:
ಇಲ್ಲ, ಯಾವುದಾದ್ರೂ ಆಗಲ್ಲ. ಕೆಲಸ ಆರಿಸಿದ ಮೇಲೆ ಕಂಪನಿ ತಾನಾಗೇ ಹತ್ತಿರ ಬರುತ್ತೆ, ಯಾಕಂದ್ರೆ ಸರಕು ಊರನ್ನ ಹೇಳುತ್ತೆ. ಜೇಡಿಮಣ್ಣಿನ ರಾಡಿ ತುಂಬಿದ ಟ್ಯಾಂಕ್ ಕಾರ್ ಅಂದ್ರೆ ಜಾರ್ಜಿಯಾ, ಅದು ಹೋಗೋದು ಕಾಗದದ ಮಿಲ್‌ಗೆ. ಅಲ್ಲಿಗೆ ನಾರ್ಫೋಕ್ ಸದರ್ನ್ ಅಥವಾ ಸಿಎಸ್‌ಎಕ್ಸ್ ಕಂಪನಿ. ನಾರ್ಫೋಕ್ ಸದರ್ನ್‌ಗೆ ಮುಂಚಿನ ಸದರ್ನ್ ಕಂಪನಿ ಕೊಂಡಿದ್ದ ಎತ್ತರದ ಮೂಗಿನ ಜಿಪಿ38-2 ಅಲ್ಲಿ ಲೋಕಲ್ ಶಂಟಿಂಗ್ ಮಾಡ್ತಿತ್ತು. ನಡುವೆ ಬೆನ್ನೆಲುಬಿನಂಥ ಗೋಡೆ ಇರೋ ಸೆಂಟರ್‌ಬೀಮ್ ಡಬ್ಬಿ ತುಂಬ ಹಲಗೆ ಅಂದ್ರೆ ವಾಯವ್ಯದ ಕಾಡಿನ ಕಡೆಯದ್ದು. ಪ್ಲಾಸ್ಟಿಕ್ ಕಾಳು ಗಲ್ಫ್ ತೀರದ್ದು. ಮೆಕ್ಕೆಜೋಳ ಅಂದ್ರೆ ಅಯೋವಾ. ಡಬ್ಬಿ ಮೇಲಿನ ಅಕ್ಷರ ಓದಿ ನೋಡಿ, ಕೊನೆಗೆ ಎಕ್ಸ್ ಇದ್ರೆ ಅದು ರೈಲ್‌ರೋಡ್‌ದಲ್ಲ, ಸರಕಿನವರದ್ದೋ ಬಾಡಿಗೆ ಕಂಪನಿಯದ್ದೋ. ಎಷ್ಟೋ ಲೋಕಲ್ ಗಾಡಿಗಳಲ್ಲಿ ಇಂಜಿನ್ ಬಿಟ್ರೆ ಆ ರೈಲ್‌ರೋಡ್‌ನ ಹೆಸರು ಒಂದು ಡಬ್ಬಿ ಮೇಲೂ ಇರಲ್ಲ.

ನಿಮ್ಮ ಕಿಟಕಿ ಮಾತು ಬೇರೆ. ಅದನ್ನ ನಾನು ಅಲ್ಲಗಳೆಯಲ್ಲ.

ಕಪ್ಪುಕುದುರೆ:
ಎತ್ತರದ ಮೂಗಿನದ್ದು ನನ್ನ ಹತ್ತಿರ ಎರಡಿವೆ. ಕ್ಯಾಬ್‌ಗಿಂತ ಮೂಗೇ ಮುಂದೆ ಗೋಡೆಯ ಹಾಗೆ ಇರುತ್ತೆ, ಡ್ರೈವರ್‌ಗೆ ಎದುರು ಕಾಣೋದೇ ಕಷ್ಟ. ಆದ್ರೂ ಆ ಇಂಜಿನ್ ಕಂಡ್ರೆ ಒಂದು ಪ್ರೀತಿ.

ಹೊಸಹಳಿ:
ಎಲ್ಲರಿಗೂ ಧನ್ಯವಾದ. ನಿನ್ನೆ ಇಡೀ ರಾತ್ರಿ ಇದನ್ನೇ ಓದಿದೆ. ಸೈಡಿಂಗ್ ಸರ್ ಕೇಳಿದ ಪ್ರಶ್ನೆಗೆ ಉತ್ತರ ಹುಡುಕೋಕೆ ಫೋನ್ ತೆಗೆದೆ.

ಎರಡು ವರ್ಷದ ಹಿಂದೆ ಇಲಿನಾಯ್ ರಾಜ್ಯದ ರೊಶೆಲ್‌ಗೆ ಹೋಗಿದ್ದೆ. ಅಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ಬಿಎನ್‌ಎಸ್‌ಎಫ್ ಮಾರ್ಗಗಳು ಒಂದನ್ನೊಂದು ಅಡ್ಡ ಕತ್ತರಿಸ್ತವೆ, ರೈಲು ನೋಡೋರಿಗೆ ಅಂತಲೇ ಪಾರ್ಕ್ ಇದೆ. ಚಕ್ರಗಳು ಹಳಿ ಕತ್ತರಿಸೋ ಆ ಜಾಗ, ಡೈಮಂಡ್, ದಾಟೋವಾಗ ಬರೋ ಬಡಿತ ಕೇಳೋಕೆ ಅಂತಲೇ ನಾನು ಹೋಗಿದ್ದು. ಅವತ್ತಿನ ವಿಡಿಯೊಗಳನ್ನ ಮತ್ತೆ ನೋಡಿದೆ. ದೊಡ್ಡ ಗಾಡಿಗಳದ್ದು ಎಲ್ಲಾ ಅರ್ಧ ನಿಮಿಷ, ಒಂದು ನಿಮಿಷ. ಒಂದು ಮಾತ್ರ ಹನ್ನೊಂದು ನಿಮಿಷ ಇದೆ. ಅದು ಒಂದು ಸಣ್ಣ ಇಂಜಿನ್ ಎರಡು ಹಾಪರ್‌ಗಳನ್ನ ಹಿಂದಕ್ಕೆ ನೂಕೋದು. ಕೊನೇ ಡಬ್ಬಿಯ ಏಣಿ ಮೇಲೆ ಒಬ್ಬ ನಿಂತಿದ್ದಾನೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ರೇಡಿಯೊ. ಇಳಿದ, ಪಾಯಿಂಟ್ (ಗಾಡಿಯನ್ನ ಬೇರೆ ಹಳಿಗೆ ತಿರುಗಿಸೋ ಕೀಲು) ಹಾಕಿದ, ಮತ್ತೆ ಹತ್ತಿದ. ಇಂಜಿನ್ ತಾಗಿದಾಗ ಡಬ್ಬಿಗಳು ಒಂದು ಸಲ ತೂಗಿ ನಿಂತವು. ನಾನು ಯಾಕೆ ಅಷ್ಟು ಹೊತ್ತು ಕ್ಯಾಮೆರಾ ಹಿಡಿದಿದ್ದೆ ಅಂತ ನನಗೇ ನೆನಪಿಲ್ಲ. ಮನೆಯವಳು "ಕೈ ನೋಯಲ್ವಾ" ಅಂತ ಕೇಳಿದ್ದು ವಿಡಿಯೊದಲ್ಲಿದೆ.

ಆ ಊರಿಗೆ ಅದರದ್ದೇ ಒಂದು ಕೈಗಾರಿಕಾ ರೈಲು ಮಾರ್ಗ ಇದೆ, ಎರಡು ದೊಡ್ಡ ಕಂಪನಿಗಳಿಗೂ ಕೂಡುತ್ತೆ. ನಾನು ಅದನ್ನ ಹಾಗೇ ನಕಲು ಮಾಡಲ್ಲ, ಆ ಥರದ್ದೊಂದು ಮಾಡ್ತೀನಿ. ಕೋಣೆಯ ಎರಡು ಗೋಡೆಗೆ ಎಲ್ ಆಕಾರದ ಹಲಗೆ, ಒಂದು ತುದಿಯಲ್ಲಿ ಕಿತ್ತಳೆ ಇಂಜಿನ್ ಡಬ್ಬಿ ತಂದು ಬಿಡೋ ಹಳಿ, ಇನ್ನೊಂದರಲ್ಲಿ ಹಳದಿ ಕಂಪನಿಯದ್ದು, ನಡುವೆ ಕಾರ್ಖಾನೆಗಳು. 1983ಕ್ಕೆ ಅಲ್ಲಿ ಬರೋಕೆ ಹಕ್ಕಿದೆ. ಕಪ್ಪು ಇಂಜಿನ್ ಅಪರೂಪಕ್ಕೆ ಅದರ ಹಿಂದೆ ಬರಲಿ. ಕೊಳ್ಳಬೇಕಾಗಿರೋದು ಒಂದೇ, ನಾಲ್ಕು ಆಕ್ಸಲ್‌ನ ಹಳೇ ಶಂಟಿಂಗ್ ಇಂಜಿನ್. ಬೆಲ್ ಅಕ್ಕ, ಕೆಸಿಎಸ್ ಇಂಜಿನ್ ಕಪಾಟಿನಲ್ಲೇ ಇರುತ್ತೆ, ಮಾರೋ ಮನಸ್ಸು ಬರ್ತಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಮೂಲೆಯ ತಿರುವಿಗೆ ಎಷ್ಟು ರೇಡಿಯಸ್ ಕೊಡಲಿ? 24 ಇಂಚು ಸಾಕಾ?

ದಕ್ಷಿಣದ ಬೆಲ್:
ಕಪಾಟಿನ್ಯಾಗ ಇದ್ರೂ ಬೆಳಕು ಬೀಳೋ ಕಡೆ ಇಡ್ರಿ, ಆದ್ರ ಬಿಸಿಲು ಬ್ಯಾಡ. ಆ ಕೆಂಪು ಲಗೂ ಮಾಸತೈತಿ.

ಸೈಡಿಂಗ್ ನಂ. 3:
ಜಿಪಿ38-2 ಎಚ್‌ಒನಲ್ಲಿ 21 ಸೆಂಟಿಮೀಟರ್, ನಿಮ್ಮ ಹಾಪರ್‌ಗಳೂ ಹೆಚ್ಚೂ ಕಡಿಮೆ ಅಷ್ಟೇ. ಅವಕ್ಕೆ 24 ಇಂಚು ಸಾಕು. ಕಾರು ಸಾಗಿಸೋ ಆಟೊರ‍್ಯಾಕ್ ತರೋ ಆಸೆ ಇದ್ರೆ ಅದು 31 ಸೆಂಟಿಮೀಟರ್, 24ರಲ್ಲಿ ಡಬ್ಬಿಗಳ ಕೊಂಡಿ ಎಳೆದಾಡುತ್ತೆ, ಅದನ್ನ ಮರೆತುಬಿಡಿ. ಆರು ಆಕ್ಸಲ್‌ನ ಇಎಸ್44, 1983 ಎರಡೂ 24ರಲ್ಲಿ ತಿರುಗ್ತವೆ, ಆದ್ರೆ ನೋಡೋಕೆ ಚೆನ್ನಾಗಿರಲ್ಲ. ಅವುಗಳ ಹಳಿ ನೇರವಾಗಿರೋ ಕಡೆಗೇ ಬರೋ ಹಾಗೆ ನೋಡ್ಕೊಳ್ಳಿ. ಪಾಯಿಂಟ್‌ಗಳು ನಂಬರ್ 6 (ನಂಬರ್ ಕವಲಿನ ಓರೆ ಹೇಳುತ್ತೆ) ಹಾಕಿ.

ಮರ ಕೊಯ್ಯೋಕೆ ಮುಂಚೆ ಒಂದು ಕೆಲಸ ಮಾಡಿ. ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಪೂರ್ತಿ ಹಳಿ ಗೆರೆ ಹಾಕಿ, ನಿಮ್ಮ ಡಬ್ಬಿಗಳನ್ನೇ ಅದರ ಮೇಲಿಟ್ಟು ಕೈಯಲ್ಲಿ ನೂಕಿ ಒಂದು ಸಂಜೆ ಶಂಟಿಂಗ್ ಮಾಡಿ ನೋಡಿ. ಲೂಪ್ ಹಳಿಯಲ್ಲಿ ಒಂದು ಡಬ್ಬಿ ಹೆಚ್ಚಿಗೆ ಹಿಡಿಯೋಷ್ಟು ಜಾಗ ಬಿಟ್ಟಿದ್ದೀರಾ ಅಂತ ಅಲ್ಲೇ ಗೊತ್ತಾಗುತ್ತೆ. ಫೋಟೊ ಹಾಕಿ, ನೋಡ್ತೀವಿ.